ಹಾಂಗ್‌ಝೌ ಕೆರೆ ನೋಡ್ಕೊಂಡು ಬಂದೆ

ಅಪ್ಪಾಜಿ, ಅವ್ವ,

ನಾನು ಚೆನ್ನಾಗಿದ್ದೀನಿ, ಕೆಮ್ಮು ಪೂರ್ತಿ ಹೋಯ್ತು. ಇಲ್ಲಿ ವಾಟ್ಸಾಪ್ ಸರಿಯಾಗಿ ಬರಲ್ಲ, ಫೋನ್ ಮಾಡಿದ್ರೂ ಎರಡು ಮಾತಿಗೆ ಕಟ್ ಆಗುತ್ತೆ, ಅದಕ್ಕೆ ಕೂತು ಮೇಲ್ ಬರೀತಿದ್ದೀನಿ. ತಮ್ಮ ಓದಿ ಹೇಳಲಿ. ಪೂರ್ತಿ ಓದೋ, ಕೊನೇಲಿ ನಿನಗೂ ಒಂದು ಮಾತಿದೆ.

ಶನಿವಾರ ಭಾನುವಾರ ಇಲ್ಲೇ ಚೀನಾದ ಹಾಂಗ್‌ಝೌ ಊರಿಗೆ ಹೋಗಿದ್ದೆ. ಶಾಂಘೈಯಿಂದ ಸ್ಪೀಡ್ ಟ್ರೈನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ, ನಮ್ಮೂರಿಂದ ಮೆಜೆಸ್ಟಿಕ್‌ಗೆ ಹೋಗೋಕೆ ಅದಕ್ಕಿಂತ ಹೊತ್ತು ಬೇಕು. ಅಲ್ಲಿ ಶಿಹೂ ಅಂತ ಕೆರೆ ಇದೆ, ಶಿಹೂ ಅಂದ್ರೆ ಪಶ್ಚಿಮದ ಕೆರೆ ಅಂತ. ಮೂರು ಕಡೆ ಬೆಟ್ಟ, ಒಂದು ಕಡೆ ಊರು. ಸುತ್ತಳತೆ ಸುಮಾರು 15 ಕಿಲೋಮೀಟರ್, ಒಳಗೆ ಹೋಗೋಕೆ ಟಿಕೆಟ್ ಇಲ್ಲ, 2002ರಲ್ಲೇ ಎಲ್ಲರಿಗೂ ಫ್ರೀ ಮಾಡ್ಬಿಟ್ಟಿದಾರೆ. ಬೆಳಿಗ್ಗೆ ಆರಕ್ಕೆ ಹೋದ್ರೆ ಬರೀ ವಯಸ್ಸಾದವರೇ, ಒಂದಷ್ಟು ಜನ ನಿಧಾನಕ್ಕೆ ಕೈಕಾಲು ಆಡಿಸ್ತಾ ವ್ಯಾಯಾಮ ಮಾಡ್ತಿದ್ರು, ಒಬ್ಬ ತಾತ ಉದ್ದ ಕೋಲಿನ ಬ್ರಷ್ಷು ನೀರಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೀತಿದ್ರು, ಕೊನೇ ಸಾಲು ಮುಗಿಸೋ ಹೊತ್ತಿಗೆ ಮೊದಲನೇ ಸಾಲು ಆರಿ ಹೋಗ್ತಿತ್ತು, ಅವರು ಮತ್ತೆ ಮೊದಲಿಂದ ಬರೀತಿದ್ರು. ಅಪ್ಪಾಜಿ, ನೀವಿದ್ದಿದ್ರೆ ಅಲ್ಲೇ ಕೂತ್ಬಿಡ್ತಿದ್ರಿ.

ಈಗ ಕೆರೆ ಕಥೆ ಹೇಳ್ತೀನಿ, ಇದು ನಿಮಗೇ ಅಂತ ಎತ್ತಿಟ್ಕೊಂಡಿದ್ದೆ. 1089ರಲ್ಲಿ ಸು ದೊಂಗ್‌ಪೋ ಅನ್ನೋ ಕವಿ ಈ ಊರಿಗೆ ಅಧಿಕಾರಿಯಾಗಿ ಬಂದಾಗ ಕೆರೆ ತುಂಬಾ ಹೂಳು, ಜೊಂಡು, ನಮ್ಮೂರ ಕೆರೆ ಈಗ ಹೆಂಗಿದೆಯೋ ಹಂಗೇ. ಆತ ಜನ ಸೇರಿಸಿ ಹೂಳು ಎತ್ತಿಸಿದ. ಎತ್ತಿದ ಹೂಳು ಎಲ್ಲಿ ಹಾಕೋದು? ಕೆರೆ ಮಧ್ಯೆನೇ ದಕ್ಷಿಣದಿಂದ ಉತ್ತರಕ್ಕೆ ಒಂದು ದಾರಿ ಕಟ್ಟಿಸಿಬಿಟ್ಟ, ಹತ್ತಿರ ಹತ್ತಿರ 3 ಕಿಲೋಮೀಟರ್ ಉದ್ದ, ನೀರು ಹರಿಯೋಕೆ 6 ಕಲ್ಲಿನ ಸೇತುವೆ ಬಿಟ್ಟು. ಈಗಲೂ ಅದರ ಹೆಸರು ಸು ದಂಡೆ ಅಂತಲೇ. ಆ ದಾರೀಲೇ ನಾನು ಪೂರ್ತಿ ನಡೆದೆ, ಎರಡೂ ಕಡೆ ನೀರಿಗೆ ಬಾಗಿರೋ ವಿಲೋ ಮರ, ಕಾಲ ಕೆಳಗಿರೋದು 900 ವರ್ಷದ ಹಿಂದಿನ ಹೂಳು! ಮತ್ತೆ ಜೊಂಡು ಬೆಳೀಬಾರದು ಅಂತ ದಂಡೆ ಪಕ್ಕದ ನೀರಲ್ಲಿ ಶೃಂಗಾಟಕದ ಕಾಯಿ ಬೆಳೆಯೋಕೆ ರೈತರಿಗೆ ಗುತ್ತಿಗೆ ಕೊಟ್ಟ, ಅವರು ನಡುನೀರಿಗೆ ಬಂದು ಒತ್ತುವರಿ ಮಾಡಬಾರದು ಅಂತ ಗಡಿಗೆ ಮೂರು ಸಣ್ಣ ಕಲ್ಲಿನ ಗೋಪುರ ನಿಲ್ಲಿಸಿದನಂತೆ. ಈಗಿರೋ ಗೋಪುರ ಆಮೇಲೆ ಕಟ್ಟಿದ್ದು, ಆದ್ರೆ ಅದೇ ಚಿತ್ರ ಇವರ ಒಂದು ಯುವಾನ್ ನೋಟಿನ ಹಿಂದೆ ಇದೆ. ಒಂದು ಗರಿಗರಿ ನೋಟು ನಿಮಗೆ ತರ್ತಿದ್ದೀನಿ. ನೋಟು ಸಿಗೋದೇ ಕಷ್ಟ ಆಯ್ತು, ಇಲ್ಲಿ ಕಡ್ಲೆಕಾಯಿ ಮಾರೋರೂ ಸ್ಕ್ಯಾನ್ ಮಾಡಿ ಅಂತಾರೆ.

ಅವ್ವ, ನಿನಗೆ ಲಿಂಗ್‌ಯಿನ್ ದೇವಸ್ಥಾನ. 4ನೇ ಶತಮಾನದಲ್ಲಿ ನಮ್ಮ ಭಾರತದಿಂದ ಬಂದ ಸನ್ಯಾಸಿ ಕಟ್ಟಿದ್ದು ಅಂತಾರೆ, ಅವರನ್ನ ಇಲ್ಲಿ ಹುಯಿಲಿ ಅಂತ ಕರೀತಾರೆ. ಎದುರಿಗಿರೋ ಬೆಟ್ಟ ನೋಡಿ ಅವರು "ಇದು ನಮ್ಮ ದೇಶದ ಗೃಧ್ರಕೂಟ ಬೆಟ್ಟ, ಇಲ್ಲಿಗೆ ಯಾವಾಗ ಹಾರಿ ಬಂತು" ಅಂದ್ರಂತೆ, ಅವತ್ತಿಂದ ಅದಕ್ಕೆ ಹಾರಿ ಬಂದ ಬೆಟ್ಟ ಅಂತಲೇ ಹೆಸರು. ಬಂಡೆ ಮೇಲೆಲ್ಲ ಮುನ್ನೂರಕ್ಕೂ ಹೆಚ್ಚು ಮೂರ್ತಿ ಕೆತ್ತಿದಾರೆ, ಹೊಟ್ಟೆ ಬಿಟ್ಕೊಂಡು ನಗ್ತಾ ಕೂತಿರೋ ಬುದ್ಧನ ಮುಂದೆ ಎಲ್ಲರೂ ನಿಂತು ಫೋಟೋ ತೆಗೀತಾರೆ. ನಾನು ಊದುಬತ್ತಿ ಹಚ್ಚಿ ನಿನ್ನ ಮಂಡಿನೋವಿಗೆ ಬೇಡ್ಕೊಂಡೆ. ಅಷ್ಟು ದೂರದಿಂದ ಬಂದು ಇಲ್ಲೇ ಉಳಿದುಬಿಟ್ಟೋರು ಒಬ್ಬರಿದ್ರಲ್ಲ ಅಂತ ಅಲ್ಲಿ ಕೂತಾಗ ಯಾಕೋ ಕಣ್ಣು ತುಂಬಿ ಬಂತು.

ಊಟಕ್ಕೇನೂ ತೊಂದರೆ ಆಗಲಿಲ್ಲ, ಕಳಲೆ ಪಲ್ಯ, ಅನ್ನ. ತಾವರೆ ಬೇರಿನ ಹಿಟ್ಟಿಗೆ ಬಿಸಿನೀರು ಹುಯ್ದು ಗಂಜಿ ಥರ ಕಲಸಿ ಮೇಲೆ ಗುಯ್‌ಹುವಾ ಅನ್ನೋ ಪುಟಾಣಿ ಹಳದಿ ಹೂ ಉದುರಿಸಿ ಕೊಡ್ತಾರೆ. ಈಗ ಆ ಹೂ ಬಿಡೋ ಕಾಲ, ಮರ ಎಲ್ಲಿದೆ ಅಂತ ಕಾಣೋಕೆ ಮುಂಚೆನೇ ಬೀದಿ ತುಂಬಾ ಘಮ.

ಕೆರೆ ದಕ್ಷಿಣಕ್ಕೆ ಲೆಯ್‌ಫೆಂಗ್ ಗೋಪುರ. 10ನೇ ಶತಮಾನದ್ದು, 1924ರಲ್ಲಿ ಕುಸಿದುಬಿತ್ತು, ಯಾಕೆ ಗೊತ್ತಾ ಅಪ್ಪಾಜಿ? ಗೋಪುರ ಮೊದಲೇ ಶಿಥಿಲ ಆಗಿತ್ತು, ಅದರ ಮೇಲೆ ಜನ ವರ್ಷಾನುಗಟ್ಟಲೆ ಬುಡದ ಇಟ್ಟಿಗೆ ಕಿತ್ಕೊಂಡು ಹೋಗ್ತಿದ್ರು, ಆ ಇಟ್ಟಿಗೆ ಮನೇಲಿದ್ರೆ ಗಂಡು ಮಗು ಆಗುತ್ತೆ, ರೇಷ್ಮೆ ಹುಳ ಚೆನ್ನಾಗಿ ಬರುತ್ತೆ ಅಂತ ನಂಬಿಕೆ. ಇದನ್ನ ಕೇಳಿದಾಗ ಅವ್ವ ಹುಳದ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟೋದು ಕಣ್ಮುಂದೆ ಬಂತು. ಹುಳ ಹಣ್ಣಾಗಿ ಗೂಡು ಕಟ್ಟೋವರೆಗೂ ಜೀವ ಕೈಲಿ ಹಿಡ್ಕೊಂಡಿರೋದು ಎಲ್ಲಾ ಕಡೆ ಒಂದೇ. 2002ರಲ್ಲಿ ಹೊಸ ಗೋಪುರ ಕಟ್ಟಿದಾರೆ, ಹಳೇ ಇಟ್ಟಿಗೆ ರಾಶಿ ಹಂಗೇ ಒಳಗೆ ಉಳಿಸಿದಾರೆ, ಅದನ್ನೇ ನಾನು ತುಂಬಾ ಹೊತ್ತು ನೋಡ್ದೆ.

ಅಲ್ಲಿಂದ ರೇಷ್ಮೆ ಮ್ಯೂಸಿಯಂ. ನಮ್ಮನೇಲಿ ಚೀನಾ ರೇಷ್ಮೆ ಅಂದ್ರೆ ಶಾಪದ ಮಾತು. 2011ರಲ್ಲಿ ಹೊರಗಿನ ರೇಷ್ಮೆ ಮೇಲಿನ ಸುಂಕ 30 ಪರ್ಸೆಂಟಿಂದ 5ಕ್ಕೆ ಇಳಿದಾಗ ಗೂಡಿನ ರೇಟು ಬಿದ್ದು ನೀವು ಮಾರ್ಕೆಟ್ಟಿಂದ ಬಂದು ಮಾತಾಡದೆ ಮಲಗಿದ ರಾತ್ರಿ ನನಗೆ ನೆನಪಿದೆ. ಆ ಸಿಟ್ಟಿಟ್ಕೊಂಡೇ ಒಳಗೆ ಹೋದೆ. ಇಲ್ಲೇ ಪಕ್ಕದ ಹೂಝೌ ಹತ್ರ ಮಣ್ಣಲ್ಲಿ 4 ಸಾವಿರ ವರ್ಷಕ್ಕೂ ಹಳೇ ರೇಷ್ಮೆ ತುಂಡು ಸಿಕ್ಕಿದೆಯಂತೆ. ಹಳೇ ಕಾಲದ ದೊಡ್ಡ ಮಗ್ಗಕ್ಕೆ ಇಬ್ಬರು ಬೇಕು, ಒಬ್ಬ ಮೇಲೆ ಕೂತು ದಾರದ ಕಟ್ಟು ಎಳೀಬೇಕು, ಇನ್ನೊಬ್ಬ ಕೆಳಗೆ ಲಾಳಿ ಆಡಿಸಬೇಕು. ಹುಳ ಗೂಡು ಕಟ್ಟೋಕೆ ಹತ್ತೋದಕ್ಕೆ ಇಲ್ಲಿ "ಬೆಟ್ಟ ಹತ್ತಿತು" ಅಂತಾರಂತೆ, ಹುಲ್ಲಿನ ಕಟ್ಟು ನಿಲ್ಲಿಸಿ ಅದರ ಮೇಲೆ ಬಿಡ್ತಿದ್ರು, ನಮ್ಮ ಬಿದಿರಿನ ಚಂದ್ರಂಕಿ ಇದ್ದಂಗೆ. ಇನ್ನೊಂದು, ನಾವು ಡಬಲ್ ಗೂಡು ಅಂತ ಆರಿಸಿ ಪಕ್ಕಕ್ಕೆ ಹಾಕ್ತೀವಲ್ಲ, ಎರಡು ಹುಳ ಸೇರಿ ಕಟ್ಟಿರೋದು, ಇಲ್ಲಿ ಅದನ್ನ ಬೇಯಿಸಿ ನಾಲ್ಕು ಮೂಲೆಗೆ ಎಳೆದು ಪದರದ ಮೇಲೆ ಪದರ ಹಾಕಿ ರಜಾಯಿ ಮಾಡ್ತಾರೆ, ಅದಕ್ಕೆ ಒಳ್ಳೇ ಬೆಲೆ! ಹೂಝೌ ಕಡೆ ರೈತರು ಹಿಪ್ಪುನೇರಳೆ ತೋಟದ ಪಕ್ಕ ಹೊಂಡ ಮಾಡಿ ಹುಳದ ಹಿಕ್ಕೆ ಮೀನಿಗೆ ಹಾಕ್ತಾರೆ, ಹೊಂಡದ ಹೂಳು ತಿರುಗಾ ಗಿಡದ ಬುಡಕ್ಕೆ. ತಾತ ಗಾಡೀಲಿ ಕೆರೆಗೋಡು ಹೊಡೆಸ್ತಿದ್ರಲ್ಲ, ಅದೇ ಲೆಕ್ಕ.

ಆದ್ರೆ ಈಗ ಚೀನಾದಲ್ಲಿ ಹೆಚ್ಚು ಗೂಡು ಬರೋದು ದೂರದ ಗುವಾಂಗ್ಶಿಯಿಂದ. ಈ ಕಡೆ ಫ್ಯಾಕ್ಟರಿ ಬಂತು, ಜಮೀನಿಗೆ ರೇಟು ಬಂತು, ಹುಡುಗರು ಸಿಟಿಗೆ ಹೋದ್ರು, ಹುಳ ಸಾಕೋರು ಕಮ್ಮಿಯಾದ್ರು. ಹೊರಗೆ ಅಂಗಡಿ ಅಂಗಡೀಲೂ ರೇಷ್ಮೆ ನೇತಾಡ್ತಿದೆ, ಎರಡು ದಿನ ಓಡಾಡಿದ್ರೂ ಒಂದು ಸೊಪ್ಪಿನ ತೋಟ ಕಣ್ಣಿಗೆ ಬೀಳಲಿಲ್ಲ. ಸಿಟ್ಟೆಲ್ಲ ಎಲ್ಲೋ ಹೋಯ್ತು ಅಪ್ಪಾಜಿ, ಒಂಥರಾ ಭಯ ಆಯ್ತು.

ತಮ್ಮಾ, ನಿನಗೆ ಹೇಳ್ಬೇಕಾಗಿದ್ದು ಇದೇ. ಹೈವೇ ಪಕ್ಕದ ಆ ಎರಡು ಎಕರೆ ಲೇಔಟ್‌ನೋರಿಗೆ ಕೊಡೋಣ ಅಂದಾಗ ನಾನೂ ಹೂಂ ಅಂದಿದ್ದೆ. ಈಗ ಬೇಡ ಅನ್ನಿಸ್ತಿದೆ. ನಿನ್ನ ಕಷ್ಟ ನನಗೆ ಗೊತ್ತು, ಕೂಲಿ ಸಿಗಲ್ಲ, ಬೋರ್ ಒಣಗಿದೆ, ನಾನು ದೂರ ಕೂತು ಹೇಳೋದು ಸುಲಭ. ಜನವರೀಲಿ ಬರ್ತೀನಿ, ಅಲ್ಲೀವರೆಗೆ ಅಡ್ವಾನ್ಸ್ ಮಾತ್ರ ಇಸ್ಕೋಬೇಡ.

ಅವ್ವ, ಲುಂಗ್‌ಜಿಂಗ್ ಟೀ ಸೊಪ್ಪು ತಗೊಂಡಿದ್ದೀನಿ, ಅದಕ್ಕೆ ಹಾಲು ಸಕ್ಕರೆ ಹಾಕಬಾರದು, ಬರೀ ಬಿಸಿನೀರು. ಅಪ್ಪಾಜಿ, ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿರಬೇಕಲ್ವಾ ಈಗ? ಸೊಪ್ಪು ಸಾಕಾಗ್ತಿದೆಯಾ, ಗೂಡು ಬಿಡಿಸೋ ದಿನ ತಮ್ಮನ ಕೈಲಿ ಒಂದು ಫೋಟೋ ಕಳಿಸಿ.

ನಿಮ್ಮ ಮಗಳು