ಎಪಿಎಂಸಿಯ ಹಮಾಲ ಕಾಕಾ, ನಿಮಗೆ ಶರಣು

ವಿಜಯಪುರದ ಎಪಿಎಂಸಿಯಲ್ಲಿ 25 ಕಿಲೋ ಜೋಳದ ಚೀಲ ಎತ್ತಿ, ಪಾದ ಕದಲಿಸದೆ ಸೊಂಟವನ್ನಷ್ಟೇ ತಿರುಗಿಸಿದೆ. ನಡು ಹಿಡಿಯಿತು, ನೆಟ್ಟಗಾಗಲು ಬರಲಿಲ್ಲ. ನೀವು ಹೆಗಲ ಟವೆಲ್ ಹಾಸಿ ಅಂಗಾತ ಮಲಗಿಸಿದಿರಿ. ಮೊಣಕಾಲು ಮಡಚಿ, ಮೀನಖಂಡಗಳನ್ನು ಚೀಲದ ಮೇಲಿಟ್ಟಿರಿ. “ಕಾಲಾಗ ಜೋಮು ಹಿಡದೈತೇನ್ರಿ?” ಎಂದು ಕೇಳಿದಿರಿ. ಸರಿಯಾದ ಪ್ರಶ್ನೆ. ತೊಡೆಸಂದು ಮರಗಟ್ಟಿದರೆ, ಮೂತ್ರದ ಹತೋಟಿ ತಪ್ಪಿದರೆ ತಕ್ಷಣ ದವಾಖಾನೆಗೇ ಓಡಬೇಕು.

ಹತ್ತು ನಿಮಿಷಕ್ಕೆ ಬಿಗಿತ ಸಡಿಲಾಯಿತು. ಎಬ್ಬಿಸುವಾಗ ಕೈಹಿಡಿದು ಜಗ್ಗಲಿಲ್ಲ. ಮಗ್ಗುಲಾಗಿಸಿ, ಅಂಗೈಯೂರಿಸಿ, ಮಂಡಿಯ ಮೇಲೆ ಮೆಲ್ಲಗೆ ಏಳಿಸಿದಿರಿ. “ಹಾಸಿಗಿ ಹಿಡೀಬ್ಯಾಡ್ರಿ, ಸ್ವಲ್ಪ ಸ್ವಲ್ಪ ಅಡ್ಡಾಡ್ರಿ. ಚೀಲ ಹೊಟ್ಟಿಗೆ ಹಚ್ಚಿ ಎತ್ತ್ರಿ, ತಿರುಗೂದಿದ್ರ ಕಾಲು ತಿರುಗಿಸ್ರಿ.”

ಚಹಾ ಕುಡಿಯಲೂ ನಿಲ್ಲಲಿಲ್ಲ. ಟವೆಲ್ ಝಾಡಿಸಿ ಹೆಗಲಿಗೇರಿಸಿ ಹೊರಟೇಬಿಟ್ಟಿರಿ, ಹೆಸರು ಕೇಳಲಾಗಲಿಲ್ಲ.