ಹನ್ನೊಂದನೇ ಸ್ಥಳ ಮತ್ತು ಹೊಸ ಚಪ್ಪಲಿ

ಬಳ್ಳಾರಿ
ಈಸ್ಟರ್ ಕಳೆದ ಮೂರನೇ ವಾರ

ಮಗಳೇ,

ನಿನ್ನ ಬಗ್ಗೆ ನೀನೇ ಬರೆದು, ಹೇಗಿದೆ ಅಂತ ಕೇಳಿ ಕಳಿಸಿದ ಹನ್ನೊಂದು ಹಾಳೆ ಬಂದು ಹತ್ತು ದಿನವಾಯಿತು. ಎರಡು ಸಲ ಓದಿದೆ. ಒಂದು ಸಲ ಉತ್ತರಪತ್ರಿಕೆ ತಿದ್ದುವವಳ ಹಾಗೆ ಕೆಂಪು ಪೆನ್ನು ಹಿಡಿದು. ಇನ್ನೊಂದು ಸಲ ರಾತ್ರಿ ಕರೆಂಟು ಹೋದಾಗ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು, ಬ್ಯಾಟರಿ ಬೆಳಕಿನಲ್ಲಿ. ಎರಡನೇ ಓದೇ ಚೆನ್ನಾಗಿತ್ತು. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳ ಹಗಲಿನಲ್ಲಿ ಯಾರ ಬರಹವೂ ಚೆನ್ನಾಗಿ ಕಾಣುವುದಿಲ್ಲ, ಅದು ಬೇರೆ ಮಾತು.

ಮೊದಲು ಈ ‘ಮೇಡಂ’ ಬಿಡು. ಕಾಲೇಜು ಬಿಟ್ಟು ವರ್ಷಗಳಾದವು. ನಿಮ್ಮಜ್ಜಿ ಮನೆ ಇರುವ ಓಣಿಯಲ್ಲೇ ಆಡಿ ಬೆಳೆದವಳು ನಾನು. ಮುದಗಲ್ಲಿನ ಲೆಕ್ಕದಲ್ಲಿ ನಿನಗೆ ದೊಡ್ಡವ್ವ ಆಗಬೇಕು.

ಏಳನೇ ಹಾಳೆಯಿಂದ ಶುರು ಮಾಡುತ್ತೇನೆ. ಅಲ್ಲಿ ಶುಭ ಶುಕ್ರವಾರದ ಶಿಲುಬೆ ಹಾದಿ, ಅಂದರೆ ಯೇಸುವಿನ ಯಾತನೆಯ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಮಾಡುವ ಪ್ರಾರ್ಥನೆ, ಬರೆದಿದ್ದೀಯ. ‘ಪ್ರಭುವಿನ ಯಾತನೆಯನ್ನು ಧ್ಯಾನಿಸುತ್ತಾ ನನ್ನ ಹೃದಯ ಕರಗಿ ನೀರಾಯಿತು’ ಅಂತ ಒಂದು ಸಾಲು. ಅದರ ಮೇಲುಗಡೆ ಬಾಲ್‌ಪೆನ್ನಿನಿಂದ ಗೀಚಿ ಗೀಚಿ ಹೊಡೆದುಹಾಕಿದ ಇನ್ನೊಂದು ಸಾಲಿದೆ. ಹಾಳೆಯನ್ನು ಕಿಟಕಿಗೆ ಹಿಡಿದು ಓದಿದೆ, ಬೈಬೇಡ. ‘ಹನ್ನೊಂದನೇ ಸ್ಥಳದಲ್ಲಿ ಮೊಣಕಾಲೂರಿದಾಗ, ಹೊರಗೆ ಬಿಟ್ಟ ಹೊಸ ಚಪ್ಪಲಿ ಯಾರಾದರೂ ಹಾಕ್ಕೊಂಡು ಹೋದರೇನು ಅನ್ನೋದೇ ಚಿಂತಿ.’

ಓದಿ ನಕ್ಕೆ. ಆಮೇಲೆ ನಗು ನಿಂತಿತು. ಹದಿನಾಲ್ಕು ಸ್ಥಳಗಳಲ್ಲಿ ಹನ್ನೊಂದನೆಯದು ಯಾವುದು? ಶಿಲುಬೆಗೆ ಮೊಳೆ ಹೊಡೆಯುವುದು. ಕೈಗೆ, ಕಾಲಿಗೆ. ಅಲ್ಲಿ ಒಬ್ಬನ ಪಾದಕ್ಕೆ ಮೊಳೆ ಇಳಿಯುತ್ತಿದೆ, ಇಲ್ಲಿ ನಿನಗೆ ನಿನ್ನ ಪಾದದ ಚಪ್ಪಲಿಯ ಚಿಂತೆ. ಇದನ್ನು ಯಾವ ಧರ್ಮೋಪದೇಶದಲ್ಲೂ ನಾನು ಕೇಳಿಲ್ಲ. ಹನ್ನೊಂದು ಹಾಳೆಯಲ್ಲಿ ನಿನ್ನದೇ ಆದ ಸಾಲು ಅದೊಂದೇ. ಅದನ್ನೇ ಹೊಡೆದುಹಾಕಿದ್ದೀಯ. ಹೃದಯ ಕರಗಿದ್ದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದೀಯ. ಕರಗಿತ್ತೇನು ನಿಜವಾಗಿ?

ಲಿಸಿಯದ ಚಿಕ್ಕ ತೆರೇಸಾ ಕಥೆ ನಿನಗೆ ಗೊತ್ತು, ಪ್ರತಿ ಚರ್ಚಿನಲ್ಲೂ ಗುಲಾಬಿ ಹಿಡಿದು ನಿಂತಿದ್ದಾಳೆ. ಆದರೆ ಅವಳ ಹಸ್ತಪ್ರತಿಯ ಕಥೆ ಯಾರೂ ಧರ್ಮೋಪದೇಶದಲ್ಲಿ ಹೇಳುವುದಿಲ್ಲ. ಕಾರ್ಮೆಲ್ ಮಠದಲ್ಲಿ ಮುಖ್ಯಸ್ಥೆಯಾಗಿದ್ದ ಅವಳ ಸ್ವಂತ ಅಕ್ಕ ‘ಬರಿ’ ಅಂದದ್ದಕ್ಕೆ, ಶಾಲೆ ಮಕ್ಕಳ ಅಗ್ಗದ ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. 1897ರಲ್ಲಿ, 24ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡಳು. ಮರುವರ್ಷ ಪುಸ್ತಕ ಬಂತು. ಆದರೆ ಆ ಅಕ್ಕನೇ ಸಾವಿರಾರು ಕಡೆ ತಿದ್ದಿ, ತೀಡಿ, ಸಂತಳಿಗೆ ಒಪ್ಪುವಂತೆ ನುಣ್ಣಗೆ ಮಾಡಿದ್ದಳು. ತಂಗಿ ಬರೆದದ್ದು ಬರೆದ ಹಾಗೆ ಜನರ ಕೈಗೆ ಸಿಕ್ಕಿದ್ದು 1956ರಲ್ಲಿ. ಅಕ್ಕನಿಗೆ ಪ್ರೀತಿಯೇ ಇತ್ತು, ಅನುಮಾನವಿಲ್ಲ. ನಿನ್ನ ವಿಷಯದಲ್ಲಿ ಆಗಿರುವುದೇನೆಂದರೆ ತಂಗಿಯೂ ನೀನೇ, ಅಕ್ಕನೂ ನೀನೇ. ಬರೆಯುವ ಕೈಯ ಹಿಂದೆಯೇ ತಿದ್ದುವ ಕೈ ಓಡಿ ಬರುತ್ತದೆ.

ಈ ನುಣುಪು ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಯಾಕೆಂದರೆ ನಾನೂ ಅಲ್ಲಿಂದಲೇ ಬಂದವಳು. ನಮಗೆ ಎರಡು ಕನ್ನಡ. ಒಂದು ಚರ್ಚಿನ ಪೀಠದ ಕನ್ನಡ: ‘ಕೃಪಾಪೂರಿತ’, ‘ಅನುಗ್ರಹಿಸಿರಿ’, ‘ಪಾಪಿಗಳಾದ ನಾವು’. ಇನ್ನೊಂದು ಒಲೆ ಮುಂದಿನ ಕನ್ನಡ. ದೇವರ ವಿಷಯ ಬಂದ ಕೂಡಲೇ ಒಲೆ ಮುಂದಿನಿಂದ ಎದ್ದು, ಸೆರಗು ಹೊದ್ದು, ಪೀಠದ ಕನ್ನಡಕ್ಕೆ ಹೋಗಿ ನಿಲ್ಲುತ್ತೇವೆ.

ನಮ್ಮಜ್ಜಿಯ ಕಾಲದಲ್ಲಿ ಪೂಜೆ ಲ್ಯಾಟಿನ್‌ನಲ್ಲಿ ಆಗುತ್ತಿತ್ತು. ಜಪಸರ ಮುಗಿದ ಮೇಲೆ ಮಾತೆಯ ಪ್ರಾರ್ಥನಾಮಾಲೆ. ಒಂದೊಂದು ಹೆಸರಿಗೂ ಜನ ‘ಓರಾ ಪ್ರೋ ನೋಬಿಸ್’ ಅನ್ನಬೇಕು, ನಮಗಾಗಿ ಪ್ರಾರ್ಥಿಸಿ ಅಂತ ಅರ್ಥ. ಅಜ್ಜಿಗೆ ಅದು ಕೇಳಿಸಿದ್ದೇ ಬೇರೆ. ಅವಳು ಕಣ್ಣು ಮುಚ್ಚಿ, ತೂಗುತ್ತಾ, ‘ವಾರ ಪೂರಾ ನೋವೀಸಾ’ ಅನ್ನುತ್ತಿದ್ದಳು. ಐವತ್ತು ಸಲ. ‘ಏನಬೇ ಹಂಗಂದ್ರ?’ ಅಂತ ಕೇಳಿದ್ದಕ್ಕೆ, ‘ವಾರ ಪೂರಾ ಮೈಕೈ ನೋವು ಸ್ವಾಮಿ, ಅಂತ ಹೇಳೂದವ್ವಾ. ಐತವಾರಾದ್ರೂ ಕೇಳಲಿ ಅಂತ’ ಅಂದಳು. ವಾರವೆಲ್ಲ ಕಂಡವರ ಹೊಲದಲ್ಲಿ ಬಗ್ಗಿ ಕಳೆ ತೆಗೆಯುತ್ತಿದ್ದವಳು. ಅವಳ ಪ್ರಾರ್ಥನೆ ತಪ್ಪೆಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಆಯಾ ಜನರ ನುಡಿಯಲ್ಲಿ ಪೂಜೆಗೆ ದಾರಿ ಮಾಡಿಕೊಟ್ಟಿತು, ನಮಗೂ ಕನ್ನಡ ಪೂಜೆ ಬಂತು. ಎಲ್ಲರಿಗೂ ಖುಷಿ. ಅಜ್ಜಿ ಮಾತ್ರ ಮೊದಲ ಕನ್ನಡ ಪೂಜೆ ಮುಗಿಸಿ ಮೆಟ್ಟಿಲು ಇಳಿಯುವಾಗ ಅಂದಳು: ‘ಈಗ ಎಲ್ಲಾ ತಿಳಿತೈತಿ. ಆದರ ನಂದೇನೂ ಹೇಳಿದಂಗ ಆಗಲಿಲ್ಲ.’

ನೀನು ಕೇಳಿದ್ದೀಯಲ್ಲ, ‘ನನ್ನ ಭಾಷೆಯನ್ನು ಹೇಗೆ ಕಂಡುಕೊಳ್ಳಲಿ’ ಅಂತ. ಆ ಮೆಟ್ಟಿಲ ಮೇಲೆ ಹೋಗಿ ಕೂಡು.

ಇನ್ನು ನಿನ್ನ ಆ ಇನ್ನೊಂದು ಅಳುಕು: ‘ಕಥೋಲಿಕಳಾಗಿ ಕನ್ನಡದಲ್ಲಿ ಬರೆದರೆ ಹೊರಗಿನವಳು ಅನ್ನುತ್ತಾರೇನೋ.’ ಇದಕ್ಕೆ ನನ್ನ ಸಹನೆ ಕಡಿಮೆ. ನೀನೀಗ ಹಾಸ್ಟೆಲಿನಲ್ಲಿ ಕೂತು ಬಿ.ಎಡ್. ಓದುತ್ತಿರುವ ಊರು ಕೊಪ್ಪಳ. ಅದೇ ಕೊಪಣ. ಸಾವಿರದ ಚಿಲ್ಲರೆ ವರ್ಷಗಳ ಹಿಂದೆ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದೇ ಕನ್ನಡದ ತಿರುಳು ಅಂದಿತ್ತು. ತಿರುಳಿನಲ್ಲಿ ಕೂತವಳಿಗೆ ಹೊರಗು ಎಲ್ಲಿದೆ? ನಾನಿರುವ ಬಳ್ಳಾರಿಯನ್ನೇ ನೋಡು. ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನ ಪಾದ್ರಿ 1810ರಲ್ಲಿ ಇಲ್ಲಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತ. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ಮರುವರ್ಷ ‘ಕನ್ನಡ ಸಮಾಚಾರ’ ಆಗಿ ಅಚ್ಚಾದದ್ದು ಈ ಊರಿನಲ್ಲೇ. ಅವರು ಪ್ರೊಟೆಸ್ಟೆಂಟರು, ನಮ್ಮವರಲ್ಲ ಅಂತ ನಿಮ್ಮ ತಾತ ಅನ್ನಬಹುದು. ಅನ್ನಲಿ. ನಮ್ಮವರದೂ ಇದೆ: ಇಗ್ನಾಸಿಯುಸ್ ಎಂಬ ಸಂತನನ್ನು ಇನ್ನಾಸಪ್ಪ ಮಾಡಿ, ಕ್ಸೇವಿಯರನನ್ನು ಸವೇರಪ್ಪ ಮಾಡಿ ಹೊಲಕ್ಕೆ ಕಳಿಸಿದವರು ನಾವು. ಇದಕ್ಕಿಂತ ದೊಡ್ಡ ಅನುವಾದ ಇನ್ನೇನು ಬೇಕು?

ಆದರೆ ಅಳುಕು ಸುಳ್ಳಲ್ಲ. ನನ್ನ ಮೊದಲ ಕಥೆ ಜಪಸರದ ಮಣಿ ಉದುರಿದ ಒಬ್ಬ ಮುದುಕಿಯದು. ಒಂದು ಮಾಸಪತ್ರಿಕೆಗೆ ಕಳಿಸಿದೆ. ‘ನಿಮ್ಮ ಚರ್ಚಿನ ಪತ್ರಿಕೆಗೆ ಇದು ಸೂಕ್ತ’ ಎಂಬ ಚೀಟಿಯೊಡನೆ ವಾಪಸು ಬಂತು. ಚರ್ಚಿನ ಒಂದು ಪತ್ರಿಕೆಗೆ ಕಳಿಸಿದೆ. ‘ಕೊನೆಯಲ್ಲಿ ಅಜ್ಜಿಗೆ ವಿಶ್ವಾಸ ಮರಳಿದಂತೆ ಬರೆದು ಕಳಿಸಿ’ ಅಂದರು. ಅಜ್ಜಿಗೆ ವಿಶ್ವಾಸ ಹೋಗಿರಲೇ ಇಲ್ಲ, ಮಣಿ ಹೋಗಿತ್ತು! ಎರಡು ಚೀಟಿಯನ್ನೂ ಬಹಳ ವರ್ಷ ಇಟ್ಟುಕೊಂಡಿದ್ದೆ. ಹಠಕ್ಕೆ.

ಹಾಗಂತ ಬಿರುದು ಹೊತ್ತು ತಿರುಗಬೇಡ. ‘ಒಬ್ಬ ಕಥೋಲಿಕ ಯುವತಿಯಾಗಿ’ ಅಂತ ಒಂಬತ್ತು ಸಲ ಬರೆದಿದ್ದೀಯ, ಎಣಿಸಿದೆ. ನಿಮ್ಮೂರಿಗೆ ಮಸ್ಕಿ ದೂರವಿಲ್ಲ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರೊಬ್ಬ ಅಲ್ಲಿನ ಗುಡ್ಡದಲ್ಲಿ ಬಂಡೆಯ ಮೇಲೆ ಅಕ್ಷರ ಕಂಡ. ಅದುವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲೆಲ್ಲ ‘ದೇವಾನಂಪಿಯ’, ‘ಪಿಯದಸಿ’ ಅಂತ ಬಿರುದೇ ಬಿರುದು. ಮಸ್ಕಿ ಬಂಡೆಯಲ್ಲಿ ‘ಅಸೋಕಸ’ ಅಂತ ಇತ್ತು. ಹೆಸರು. ನಿನ್ನ ಒಂಬತ್ತು ಬಿರುದನ್ನೂ ಅಳಿಸಿ ಆ ಜಾಗದಲ್ಲಿ ಏನು ಉಳಿಯುತ್ತದೆ ನೋಡು.

ಮುದಗಲ್ಲನ್ನೂ ಹಾಗೇ ಮಾಡಿದ್ದೀಯ, ಬರೀ ಚರ್ಚಿನ ಊರು. ಆದಿಲ್‌ಶಾಹಿಗಳ ಕಾಲದಲ್ಲಿ ಗೋವಾ ಕಡೆಯಿಂದ ಬಂದ ಪಾದ್ರಿಗಳ ಕಥೆ ಇದೆ, ಸರಿ. ಕೋಟೆ ಎಲ್ಲಿ? ಮೊಹರಂ ಎಲ್ಲಿ? ಸುತ್ತಲಿನ ಊರೆಲ್ಲ ಅಲಾಯಿ ನೋಡಲು ಬಂದು ಸೇರುವ ಆ ರಾತ್ರಿ ನಮ್ಮ ಮನೆಯಲ್ಲಿ ‘ನಮೋ ಮರಿಯಾ’ ಹೇಳುತ್ತಿದ್ದವರ ದನಿ ಹಲಗಿಯ ಸಪ್ಪಳಕ್ಕೆ ತಾಳ ಹಿಡಿದುಬಿಡುತ್ತಿತ್ತು. ಅವ್ವ ‘ನಿಧಾನ ಅನ್ರಿ’ ಅಂತ ಗದರಿ, ಆಮೇಲೆ ತಾನೇ ಅದೇ ತಾಳಕ್ಕೆ ಬೀಳುತ್ತಿದ್ದಳು. ನಿನ್ನ ವಿಶ್ವಾಸ ಬೆಳೆದದ್ದು ಈ ಗದ್ದಲದಲ್ಲಿ. ಗದ್ದಲ ಕಳೆದು ವಿಶ್ವಾಸವೊಂದನ್ನೇ ಬರೆದರೆ ಅದು ಯಾರದೂ ಆಗಬಹುದು.

ನಾಲ್ಕನೇ ಹಾಳೆ ಬಗ್ಗೆ ಮೆಲ್ಲಗೆ ಹೇಳುತ್ತೇನೆ. ಅಪ್ಪ ಕುಡಿದು ಬಂದ ರಾತ್ರಿ, ಅವ್ವ ನೀರಿನ ಕೊಡದ ಹಿಂದೆ ಕೂತು ಅತ್ತದ್ದು. ಚೆನ್ನಾಗಿ ಬರೆದಿದ್ದೀಯ, ಅದಕ್ಕೇ ಭಯ. ಪಾಪನಿವೇದನೆಗೆ ಮೊದಲ ಸಲ ಹೋಗುವ ಮಕ್ಕಳಿಗೆ ಸಿಸ್ಟರ್ ಏನು ಕಲಿಸುತ್ತಾರೆ? ನಿನ್ನ ಪಾಪ ಹೇಳು, ಮಂದಿಯದು ಬೇಡ. ಅಲ್ಲಾದರೂ ಗುಟ್ಟಿಗೆ ಮುದ್ರೆ ಇದೆ, ಕೇಳಿದ ಫಾದರ್ ಜೀವ ಹೋದರೂ ಹೊರಗೆ ಹೇಳುವಂತಿಲ್ಲ. ಓದುಗನಿಗೆ ಅಂಥ ಮುದ್ರೆ ಯಾವುದೂ ಇಲ್ಲ. ನಾನು ಒಮ್ಮೆ ಒಂದು ದೀಪಾವಳಿ ವಿಶೇಷಾಂಕದಲ್ಲಿ ಚಿಕ್ಕಮ್ಮನ ಸಂಸಾರದ ಸಂಗತಿಯನ್ನು ಹೆಸರು ಬದಲಿಸಿ ಕಥೆ ಮಾಡಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಓದಿ ಹೇಳಿದರು. ಆ ಕ್ರಿಸ್‌ಮಸ್ಸಿಗೆ ನಾವು ಕಳಿಸಿದ ಕರ್ಚಿಕಾಯಿ ಡಬ್ಬಿ, ಕಟ್ಟಿದ ಬಟ್ಟೆಯ ಗಂಟು ಸಹ ಬಿಚ್ಚದೆ, ವಾಪಸು ಬಂತು. ಮುಂದಿನ ಆರು ಕ್ರಿಸ್‌ಮಸ್ಸಿಗೂ. ಕಥೆಗೆ ಬಹುಮಾನ ಬಂದಿತ್ತು. ಬರೆಯಲೇಬೇಡ ಅನ್ನುತ್ತಿಲ್ಲ. ಆ ರಾತ್ರಿ ನೀನೆಲ್ಲಿದ್ದೆ? ಹಾಳೆಯಲ್ಲಿ ಎಲ್ಲೂ ಇಲ್ಲ. ಹೊದಿಕೆಯೊಳಗೆ ನಿದ್ದೆ ಬಂದವಳ ಹಾಗೆ ಮಲಗಿದ್ದೆಯೇನು? ಹಾಗಿದ್ದರೆ ಅದನ್ನು ಬರೆ. ಉಳಿದದ್ದನ್ನು ಅವ್ವನಿಗೆ ಓದಿ ಹೇಳಿ, ಅವಳ ಮುಖ ನೋಡಿ ನಿರ್ಧಾರ ಮಾಡು.

‘ಸಂಶಯ ಬರೆದರೆ ಪಾಪವೇ?’ ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀಯ. ಬೈಬಲ್ ತೆಗೆದು 88ನೇ ಕೀರ್ತನೆ ಓದು. ಬೇರೆ ಗೋಳಿನ ಕೀರ್ತನೆಗಳೆಲ್ಲ ಹೆಚ್ಚುಕಡಿಮೆ ಕೊನೆಗೊಂದು ಸ್ತುತಿಗೋ ಭರವಸೆಗೋ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲು ಅಂದು ಮುಗಿದುಹೋಗುತ್ತದೆ. ಅದನ್ನು ಯಾರೂ ಗ್ರಂಥದಿಂದ ಕಿತ್ತು ಹಾಕಿಲ್ಲ. ಆ ಚಿಕ್ಕ ತೆರೇಸಾ ಕೂಡ, 1896ರ ಈಸ್ಟರಿನಿಂದ ಸಾಯುವತನಕ ಪರಲೋಕವೆಂಬುದು ಇದೆಯೋ ಇಲ್ಲವೋ ಎಂಬ ಕತ್ತಲಲ್ಲಿದ್ದಳು, ಅದನ್ನು ಬರೆದೂ ಬರೆದಳು. ನಿನ್ನ ಹನ್ನೊಂದನೇ ಹಾಳೆಯ ಕೊನೆಯ ಮೂರು ಸಾಲು, ‘ಆದರೂ ದೇವರು ದೊಡ್ಡವನು’ ಅನ್ನುವವು, ನನಗೆ ಸುಸ್ತಾದವಳು ಬಾಗಿಲು ಹಾಕಿದ ಹಾಗೆ ಕೇಳಿಸಿದವು. ತೆಗೆದು ನೋಡು.

ಸಿಸ್ಟರ್ ಆಗಲೋ, ಮದುವೆಯಾಗಲೋ, ಬರೆಯುತ್ತಾ ಒಬ್ಬಳೇ ಇರಲೋ ಅಂತಲೂ ಕೇಳಿದ್ದೀಯ. ದೇವಕರೆಯ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಇಷ್ಟು ಮಾತ್ರ ಗೊತ್ತು: ಯಾವ ದಾರಿಯಲ್ಲೂ ಬರೆಯಲು ಯಾರೂ ಹೊತ್ತು ಕೊಡುವುದಿಲ್ಲ. ಅವಿಲಾದ ದೊಡ್ಡ ತೆರೇಸಾ ಮಠದಲ್ಲೇ ಇದ್ದವಳು. ಬಡ ಮನೆ, ಕೆಲಸ ಬಹಳ, ಈ ಬರವಣಿಗೆಯಿಂದ ನೂಲುವುದು ನಿಲ್ಲುತ್ತದೆ, ಹೊತ್ತು ಕದ್ದು ಬರೆಯುತ್ತಿದ್ದೇನೆ ಅಂತ ತನ್ನ ಆತ್ಮಕಥೆಯಲ್ಲೇ ಗೊಣಗಿದ್ದಾಳೆ. ಅವಳನ್ನು ಧರ್ಮಸಭೆಯ ಆಚಾರ್ಯೆ ಅಂತ ಸಾರಿದ್ದು 1970ರಲ್ಲಿ, ಸತ್ತು ನಾಲ್ಕುನೂರು ವರ್ಷಕ್ಕೆ ಸಮೀಪಿಸಿದಾಗ. ನೀನು ಹಾಸ್ಟೆಲಿನ ಲೈಟು ಆರಿಸುವ ಮುಂಚಿನ ಅರ್ಧ ಗಂಟೆಯನ್ನು ಕದಿ. ಪಾಠ ಯೋಜನೆ ಬರೆಯುವ ನೋಟುಬುಕ್ಕಿನ ಹಿಂಬದಿ ಸಾಕು.

ಹಾಳೆಗಳನ್ನು ಇದರ ಜೊತೆಗೇ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಕೆಂಪು ಗುರುತು ಬಹಳ ಕಡೆ ಇಲ್ಲ. ಏಳನೇ ಹಾಳೆಯಲ್ಲಿ ಹೊಡೆದುಹಾಕಿದ ಸಾಲಿನ ಕೆಳಗೆ ಚುಕ್ಕಿ ಇಟ್ಟಿದ್ದೇನೆ. ಅಚ್ಚಿನ ಮನೆಯವರ ಭಾಷೆಯಲ್ಲಿ ಅದರರ್ಥ ‘ಇದು ಇರಲಿ’ ಅಂತ.

ಅಂದಹಾಗೆ, ಆ ಶುಕ್ರವಾರ ಹೊರಗೆ ಬಂದ ಮೇಲೆ ಚಪ್ಪಲಿ ಇದ್ದವೋ ಇಲ್ಲವೋ? ಅದನ್ನು ನೀನು ಬರೆದೇ ಇಲ್ಲ.

ನಿನ್ನ
ದೊಡ್ಡವ್ವ