ತೊಡೆಯ ಜೋಮು: ಮೊದಲು ಸೊಂಟದ ಬಿಗಿ ಸಡಿಲಲಿ

ಮಾನ್ಯ ಸಂಪಾದಕರೇ,

ತೊಡೆಯ ಹೊರಮಗ್ಗುಲು ಜೋಮು ಹಿಡಿದಂತಾಗಿ, ಕೆಲವೊಮ್ಮೆ ಉರಿದು, ಉಟ್ಟ ಬಟ್ಟೆ ಸೋಕಿದರೂ ಸಹಿಸಲಾಗದೆ ಒದ್ದಾಡುವವರು ನಮ್ಮ ನಡುವೆ ಅಪರೂಪವೇನಲ್ಲ. ಇದನ್ನು ಪಾರ್ಶ್ವವಾಯುವಿನ ಮುನ್ಸೂಚನೆಯೆಂದೋ ಬೆನ್ನಿನ ಡಿಸ್ಕ್ ಜಾರಿದೆಯೆಂದೋ ಹೆದರಿ, ನೇರವಾಗಿ ಎಂಆರ್‌ಐ ಸ್ಕ್ಯಾನಿಗೂ ‘ನರಕ್ಕೆ ಶಕ್ತಿ’ ಎಂದು ಕೊಡುವ ಬಿ12 ಚುಚ್ಚುಮದ್ದಿಗೂ ಹಣ ಸುರಿಯುವವರನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಈ ತೊಂದರೆಗೆ ವೈದ್ಯರು ಮೆರಾಲ್ಜಿಯಾ ಪ್ಯಾರಸ್ಥೆಟಿಕಾ ಎನ್ನುತ್ತಾರೆ. ಬೆನ್ನುಹುರಿಯಿಂದ ಹೊರಟು, ಸೊಂಟದ ಮುಂಭಾಗದ ಮೂಳೆಯ ತುದಿಯ ಬಳಿ ತೊಡೆಸಂದಿನ ಗಟ್ಟಿಪಟ್ಟಿಯ ಕೆಳಗೆ ನುಸುಳಿ ತೊಡೆಯ ಚರ್ಮಕ್ಕೆ ಬರುವ ನರವೊಂದು ಅಲ್ಲಿ ಅದುಮಿಕೊಳ್ಳುವುದೇ ಇದರ ಮೂಲ. ಅದು ಸ್ಪರ್ಶಜ್ಞಾನದ ನರ ಮಾತ್ರ. ಸ್ನಾಯುಗಳಿಗೂ ಅದಕ್ಕೂ ಸಂಬಂಧವಿಲ್ಲವಾದ್ದರಿಂದ ಕಾಲಿನ ಬಲ ಕುಂದುವುದಿಲ್ಲ. ಬಿಗಿಯಾದ ಬೆಲ್ಟು, ಜೀನ್ಸ್, ಲಂಗದ ಲಾಡಿ, ಬೊಜ್ಜು, ಗರ್ಭಧಾರಣೆ, ಮಧುಮೇಹ ಇವೆಲ್ಲ ಕಾರಣವಾಗಬಲ್ಲವು. (ಮನೋವಿಶ್ಲೇಷಣೆಯ ಫ್ರಾಯ್ಡ್ ಕೂಡ ಇದರಿಂದ ಬಳಲಿ, 1895ರಲ್ಲಿ ಆ ಬಗ್ಗೆ ಬರೆದಿದ್ದರು.)

ಹೀಗಿರುವಾಗ ಚಿಕಿತ್ಸೆಯ ಮೊದಲ ಹೆಜ್ಜೆಗೆ ಕಾಸು ಖರ್ಚಿಲ್ಲ. ಸೊಂಟದ ಬಿಗಿ ಸಡಿಲಿಸುವುದು, ಬಹಳ ಹೊತ್ತು ಒಂದೇ ಸಮನೆ ನಿಲ್ಲದಿರುವುದು, ತೂಕ ಇಳಿಸುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು. ಇಷ್ಟರಿಂದಲೇ ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಗುಣ ಕಾಣುತ್ತದೆ. ಬಸುರಿಯರಲ್ಲಿ ಸಾಮಾನ್ಯವಾಗಿ ಹೆರಿಗೆಯ ನಂತರ ತಾನಾಗಿಯೇ ಶಮನವಾಗುತ್ತದೆ. ಉರಿ ನಿದ್ದೆ ಕೆಡಿಸುವಷ್ಟಿದ್ದರೆ ವೈದ್ಯರು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂಥ ಮಾತ್ರೆ ಬರೆಯುತ್ತಾರೆ; ಅವು ಮಂಪರು, ತಲೆಸುತ್ತು ತರಬಹುದಾದ್ದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಕೊಳ್ಳುವಂಥವಲ್ಲ. ಅದಕ್ಕೂ ಬಗ್ಗದಿದ್ದರೆ ನರದ ಬಳಿ ಅರಿವಳಿಕೆ ಮತ್ತು ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಅರಿವಳಿಕೆ ಹತ್ತಿದಾಗ ನೋವು ಮಾಯವಾದರೆ, ತೊಂದರೆ ಇದೇ ನರದ್ದೆಂಬುದಕ್ಕೂ ಅದೇ ಪುರಾವೆ. ಶಸ್ತ್ರಚಿಕಿತ್ಸೆ ಕೊನೆಯ ಮಾತು: ನರದ ಮೇಲಿನ ಒತ್ತಡ ಬಿಡಿಸಬಹುದು ಅಥವಾ ನರವನ್ನೇ ಕತ್ತರಿಸಬಹುದು, ಆದರೆ ಕತ್ತರಿಸಿದರೆ ಜೋಮು ಶಾಶ್ವತವಾಗಿ ಉಳಿಯುತ್ತದೆ.

ಬಿ12 ಕೊರತೆ ನಿಜವಾಗಿ ಇದ್ದವರಿಗೆ ಆ ಚುಚ್ಚುಮದ್ದು ಬೇಕೇ ಬೇಕು. ಆದರೆ ಆ ಕೊರತೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಿಂದ ಆರಂಭವಾಗುತ್ತದೆಯೇ ಹೊರತು ಒಂದು ತೊಡೆಯ ಮಗ್ಗುಲಲ್ಲಷ್ಟೇ ಕೂರುವುದಿಲ್ಲ.

ಹಾಗೆಂದು ಪ್ರತಿ ಜೋಮನ್ನೂ ಬೆಲ್ಟಿನ ತಲೆಗೆ ಕಟ್ಟಲಾಗದು. ಕಾಲು ಸೋಲುವುದು, ಮಲಮೂತ್ರದ ಹಿಡಿತ ತಪ್ಪುವುದು, ಗುದದ ಸುತ್ತ ಸ್ಪರ್ಶ ತಿಳಿಯದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ನಾಡಿನಲ್ಲಿ ಇನ್ನೊಂದನ್ನೂ ಮರೆಯಬಾರದು. ಜೋಮಿರುವ ಜಾಗದಲ್ಲಿ ಚರ್ಮ ಬಿಳಿಚಿದ್ದರೆ ಅಥವಾ ಕೆಂಪಾಗಿದ್ದರೆ ಕುಷ್ಠರೋಗದ ಪರೀಕ್ಷೆ ಅಗತ್ಯ. ಅದಕ್ಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಔಷಧವಿದೆ, ಸಂಕೋಚಪಟ್ಟು ಮುಚ್ಚಿಟ್ಟರೆ ಅಂಗವೈಕಲ್ಯದ ಅಪಾಯವಿದೆ.

ಸೊಂಟಕ್ಕೆ ಅಗಲದ ಬೆಲ್ಟು ಬಿಗಿದು ಗಂಟೆಗಟ್ಟಲೆ ನಿಲ್ಲುವ ಪೊಲೀಸರು ಮತ್ತು ಭದ್ರತಾ ಸಿಬ್ಬಂದಿಯ ಆರೋಗ್ಯ ತಪಾಸಣೆ ನಡೆಯುವಾಗ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ತೊಡೆಯ ಜೋಮಿನ ಬಗ್ಗೆಯೂ ಒಂದು ಪ್ರಶ್ನೆ ಕೇಳುವಂತಾಗಲಿ ಎಂದು ಸಂಬಂಧಪಟ್ಟ ಇಲಾಖೆಗಳನ್ನು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಭೌತಚಿಕಿತ್ಸಕ, ಶಿವಮೊಗ್ಗ